ದೊಡ್ಡಮ್ಮನಿಗೆ ಹುಷಾರಿಲ್ಲ ಅಂತ ಟೂರ್ ಕ್ಯಾನ್ಸಲ್ ಮಾಡಿದರೆ ಇನ್ಶೂರೆನ್ಸ್ ದುಡ್ಡು ಬರುತ್ತಾ?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೊಡ್ಡಮ್ಮನ ವಿಷಯದಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ಅತ್ತೆಯ, ಅಂದರೆ ಯಜಮಾನರ ತಾಯಿಯ, ವಿಷಯದಲ್ಲಿ ಬಂತು, ಆದರೆ ಪೂರ್ತಿ ಅಲ್ಲ. ಎರಡು ಸಲ ಟೂರ್ ಕ್ಯಾನ್ಸಲ್ ಮಾಡಿ, ಎರಡು ಸಲ ಕಾಗದ ಹಿಡಿದು ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೇ ಸಲ ಸಿಂಗಾಪುರ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು. 2 ಲಕ್ಷ 60 ಸಾವಿರ ಕಟ್ಟಿದ್ದೆವು. ಮಕ್ಕಳು ತುಮಕೂರಿನ ನಮ್ಮ ಎಸ್.ಎಸ್. ಪುರಂ ಬಡಾವಣೆ ತುಂಬಾ ಹೇಳಿಕೊಂಡು ಬಂದಿದ್ದರು. ಹೊರಡಲು ಒಂಬತ್ತು ದಿನ ಇರುವಾಗ ಗುಬ್ಬಿಯಲ್ಲಿದ್ದ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಏಳನೇ ಕ್ಲಾಸಿನವರೆಗೂ ನನ್ನನ್ನು ಸಾಕಿದವರು ಅವರು, ಜಡೆ ಹಾಕಿದ್ದು, ಊಟ ಮಾಡಿಸಿದ್ದು, ಎರಡೇಟು ಬಿಟ್ಟಿದ್ದು ಎಲ್ಲ ಅವರೇ. ಅವರು ಐಸಿಯುನಲ್ಲಿ ಇರುವಾಗ ವಿಮಾನ ಹತ್ತುವ ಮಾತೇ ಇರಲಿಲ್ಲ. ಇನ್ಶೂರೆನ್ಸ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಕ್ಯಾನ್ಸಲ್ ಮಾಡಿದೆವು. ಮೂರು ವಾರ ಕಳೆದ ಮೇಲೆ ಕಂಪನಿಯಿಂದ ಮೇಲ್ ಬಂತು: ತಾಯಿಯ ಅಕ್ಕ ಪಾಲಿಸಿ ಹೇಳುವ ಕುಟುಂಬದಲ್ಲಿ ಬರುವುದಿಲ್ಲ, ಕ್ಲೇಮ್ ತಿರಸ್ಕರಿಸಲಾಗಿದೆ.

ಪಾಲಿಸಿ ತೆಗೆದು ಓದಿದೆ. ಅವರು ಹೇಳಿದ್ದು ಸರಿಯೇ ಇತ್ತು. ಕನ್ನಡದಲ್ಲಿ ನಮಗೆ ಅಮ್ಮಂದಿರು ಜಾಸ್ತಿ, ದೊಡ್ಡಮ್ಮ, ಚಿಕ್ಕಮ್ಮ, ಅಪ್ಪಂದಿರೂ ಹಾಗೇ. ಪಾಲಿಸಿಗೆ ಮಾತ್ರ ಒಬ್ಬರೇ ಅಮ್ಮ, ಒಬ್ಬರೇ ಅಪ್ಪ.

ಪಾಲಿಸಿಯಲ್ಲಿ ಮೊದಲು ಓದಬೇಕಾದ ಪುಟ

ಪಾಲಿಸಿ ಪುಸ್ತಕದ ಶುರುವಿನಲ್ಲಿ ‘ಡೆಫಿನಿಷನ್ಸ್’ ಅಂತ ಒಂದು ಭಾಗ ಇರುತ್ತದೆ. ಅದರಲ್ಲಿ ‘ಇಮ್ಮೀಡಿಯೆಟ್ ಫ್ಯಾಮಿಲಿ’ ಅಥವಾ ‘ಫ್ಯಾಮಿಲಿ ಮೆಂಬರ್’ ಅನ್ನುವ ಸಾಲು ಹುಡುಕಿ. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ ಸಾಮಾನ್ಯವಾಗಿ ಎಲ್ಲದರಲ್ಲೂ ಇರುತ್ತಾರೆ. ಅತ್ತೆ ಮಾವ, ಒಡಹುಟ್ಟಿದವರು ಒಂದು ಪಾಲಿಸಿಯಲ್ಲಿ ಇರುತ್ತಾರೆ, ಇನ್ನೊಂದರಲ್ಲಿ ಇರುವುದಿಲ್ಲ. ಅಜ್ಜಿ ತಾತ ಇರುವುದು ಕಡಿಮೆ. ಸೋದರಮಾವ, ದೊಡ್ಡಪ್ಪ, ಚಿಕ್ಕಮ್ಮ ಇದ್ದರೆ ನಿಮ್ಮ ಅದೃಷ್ಟ. ಪ್ರೀಮಿಯಂ ಎಷ್ಟು ಅಂತ ಕೇಳುವ ಮೊದಲು ಈ ಸಾಲು ಓದಬೇಕು. ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರು ತಪ್ಪಿದರೆ ನೀವು ಹೊರಡುವುದಿಲ್ಲವೋ ಅವರು ಆ ಸಾಲಿನಲ್ಲಿ ಇಲ್ಲ ಅಂದರೆ, ಆ ಪಾಲಿಸಿ ನಿಮಗಲ್ಲ.

ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ, ಪಾಲಿಸಿಯಲ್ಲಿ ‘ಟ್ರಿಪ್ ಕ್ಯಾನ್ಸಲೇಷನ್’ ಇದೆಯಾ? ಎಷ್ಟೋ ಜನರ ಹತ್ತಿರ ಇರುವುದು ವೀಸಾಗೆ ಅಂತ ಮಾಡಿಸಿದ ಪಾಲಿಸಿ. ಯೂರೋಪಿನ ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಕಡ್ಡಾಯ, ಆದರೆ ಅವರಿಗೆ ಬೇಕಾಗಿರುವುದು ನೀವು ಅಲ್ಲಿ ಕಾಯಿಲೆ ಬಿದ್ದರೆ ಆಗುವ ಆಸ್ಪತ್ರೆ ಖರ್ಚು ಮತ್ತು ನಿಮ್ಮನ್ನು ವಾಪಸ್ ಕಳಿಸುವ ಖರ್ಚು. ನಿಮ್ಮ ಟೂರ್ ನಿಂತುಹೋದರೆ ಅವರಿಗೇನು? ಏಜೆಂಟು ‘ಮೇಡಂ, ವೀಸಾಗೆ ಇಷ್ಟು ಸಾಕು’ ಅಂತ ಅತಿ ಕಡಿಮೆ ಪ್ಲಾನ್ ಹಾಕಿಕೊಟ್ಟಿರುತ್ತಾರೆ. ವೀಸಾ ಬರುತ್ತದೆ, ಕ್ಯಾನ್ಸಲೇಷನ್ ಕವರ್ ಇರುವುದಿಲ್ಲ.

ಇನ್ನೂ ಒಂದು ಮೋಸದ ಹೆಸರಿದೆ, ‘ಕಂಪ್ಯಾಷನೇಟ್ ವಿಸಿಟ್’. ಕೇಳಿದರೆ ಊರಿನಲ್ಲಿ ಹುಷಾರಿಲ್ಲದವರನ್ನು ನೋಡಲು ಬರುವುದಕ್ಕೆ ಇರಬೇಕು ಅನ್ನಿಸುತ್ತದೆ, ಅಲ್ವಾ? ಅಲ್ಲ. ನೀವು ವಿದೇಶದಲ್ಲಿ ಆಸ್ಪತ್ರೆ ಸೇರಿದರೆ ನಿಮ್ಮ ಮನೆಯವರು ಒಬ್ಬರು ಅಲ್ಲಿಗೆ ಬರುವ ಖರ್ಚು ಅದು.

ಎಷ್ಟು ದುಡ್ಡಿಗೆ ಕವರ್ ಅನ್ನುವುದನ್ನೂ ನೋಡಿ. ‘ಕವರ್ 50,000 ಡಾಲರ್’ ಅಂತ ದೊಡ್ಡದಾಗಿ ಬರೆದಿರುವುದು ವೈದ್ಯಕೀಯ ಖರ್ಚಿಗೆ. ಕ್ಯಾನ್ಸಲೇಷನ್ ಎದುರಿಗೆ ಸಣ್ಣದಾಗಿ 500 ಡಾಲರ್ ಅಂತ ಇರಬಹುದು, ಅಂದರೆ ಸುಮಾರು ನಲವತ್ತು ಸಾವಿರದ ಮೇಲೆ ಸ್ವಲ್ಪ. ಅದರಲ್ಲೂ ‘ಡಿಡಕ್ಟಿಬಲ್’ ಅಂತ ಮೊದಲ ಇಷ್ಟು ಡಾಲರ್ ನಮ್ಮ ತಲೆಯ ಮೇಲೆ.

ಯಾವಾಗ ಮಾಡಿಸಬೇಕು

ಟಿಕೆಟ್ ಬುಕ್ ಮಾಡಿದ ದಿನವೇ. ಹೊರಡುವ ಹಿಂದಿನ ದಿನ ಅಲ್ಲ. ನಮ್ಮ ಕಡೆ ಎಲ್ಲರೂ ಸೂಟ್‌ಕೇಸ್ ಕಟ್ಟುವಾಗ ಇನ್ಶೂರೆನ್ಸ್ ನೆನಪು ಮಾಡಿಕೊಳ್ಳುತ್ತಾರೆ. ಆಸ್ಪತ್ರೆ ಖರ್ಚಿನ ಕವರ್ ನೀವು ದೇಶ ಬಿಟ್ಟ ಮೇಲೆ ಶುರುವಾಗುತ್ತದೆ, ಹಾಗಾಗಿ ಅದಕ್ಕೆ ತಡವಾದರೂ ನಡೆಯುತ್ತದೆ. ಕ್ಯಾನ್ಸಲೇಷನ್ ಕವರ್ ಹಾಗಲ್ಲ, ಅದು ಪಾಲಿಸಿ ಕೊಂಡ ದಿನದಿಂದ ಹೊರಡುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಮೂರು ತಿಂಗಳ ಮುಂಚೆ ಟಿಕೆಟ್ ಮಾಡಿಸಿ, ಪಾಲಿಸಿಯನ್ನು ಕೊನೇ ದಿನ ಮಾಡಿಸಿದರೆ ಆ ಮೂರು ತಿಂಗಳು ನೀವು ಬರಿಗೈ. ಅಪ್ಪನಿಗೆ ಎದೆನೋವು ಬಂದು ಟೆಸ್ಟ್ ಮಾಡಿಸಿದ ಮೇಲೆ ಓಡಿ ಹೋಗಿ ಪಾಲಿಸಿ ಮಾಡಿಸಿದರಂತೂ ಸುಮ್ನೆ ದುಡ್ಡು ದಂಡ. ಟೆಸ್ಟಿನ ತಾರೀಖು, ಪಾಲಿಸಿಯ ತಾರೀಖು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದೇ ಅವರ ಮೊದಲ ಕೆಲಸ.

ಹುಷಾರಿಲ್ಲ ಅಂದರೆ ಎಷ್ಟು ಹುಷಾರಿಲ್ಲ

ನಮ್ಮೂರಿನಲ್ಲಿ ಜ್ವರ ಬಂದರೆ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ ಎರಡು ಬಾಟ್ಲು ಗ್ಲೂಕೋಸ್ ಹಾಕಿಸಿಕೊಂಡು ಸಂಜೆಗೆ ಮನೆಗೆ ಬರುತ್ತೇವೆ. ಇದು ಕ್ಲೇಮಿಗೆ ಸಾಲುವುದಿಲ್ಲ. ಅಡ್ಮಿಟ್ ಆಗಿ ಇಂತಿಷ್ಟು ಗಂಟೆ, ಸಾಮಾನ್ಯವಾಗಿ ಕನಿಷ್ಠ 24 ಗಂಟೆ, ಆಸ್ಪತ್ರೆಯಲ್ಲಿ ಇರಬೇಕು ಅನ್ನುವ ಷರತ್ತು ಇರುತ್ತದೆ. ಮನೆಯಲ್ಲೇ ಮಲಗಿಸಿ ನರ್ಸ್ ಕರೆಸಿ ನೋಡಿಕೊಂಡರೆ, ಕಾಯಿಲೆ ಎಷ್ಟೇ ದೊಡ್ಡದಿರಲಿ, ವಾದ ಮಾಡುವುದು ಕಷ್ಟ. ಇನ್ನೊಂದು, ಇಲ್ಲಿ ಒಂದು ರಾತ್ರಿ ಇಟ್ಟು ಬೆಂಗಳೂರಿಗೆ, ಹೃದಯದ್ದಾದರೆ ಜಯದೇವಕ್ಕೆ, ನರದ್ದಾದರೆ ನಿಮ್ಹಾನ್ಸ್‌ಗೆ ಬರೆದುಕೊಡುವುದು ಸಾಮಾನ್ಯ. ಆಗ ಇಲ್ಲಿಯ ಅಡ್ಮಿಷನ್ ಚೀಟಿ, ರೆಫರಲ್ ಪತ್ರ ಎರಡನ್ನೂ ಬಿಡಬೇಡಿ. ಗಾಬರಿಯಲ್ಲಿ ಎಲ್ಲರೂ ಅದನ್ನು ಆಂಬ್ಯುಲೆನ್ಸಿನಲ್ಲೇ ಬಿಟ್ಟು ಇಳಿಯುತ್ತಾರೆ. ಕಾಯಿಲೆ ಯಾವತ್ತು ಶುರುವಾಯಿತು ಅನ್ನುವುದಕ್ಕೆ ಸಾಕ್ಷಿ ಆ ಮೊದಲ ಚೀಟಿಯೇ.

ಈಗ ಬರುತ್ತದೆ ನಿಜವಾದ ತೊಂದರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಕೆ/ಸಿ/ಓ’ ಅಂತ ಒಂದು ಸಾಲು ಇರುತ್ತದೆ. ‘ನೋನ್ ಕೇಸ್ ಆಫ್’ ಅಂತ ಅದರ ಅರ್ಥ. ಅದರ ಮುಂದೆ ಶುಗರ್, ಬಿಪಿ, ಎಷ್ಟು ವರ್ಷದಿಂದ ಅಂತ ಬರೆದಿರುತ್ತಾರೆ. ಆ ವರ್ಷದ ಲೆಕ್ಕ ಡಾಕ್ಟರು ಕಂಡುಹಿಡಿದದ್ದಲ್ಲ, ಅಡ್ಮಿಷನ್ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವರು ಯಾರೋ ಹೇಳಿದ್ದು. ಅತ್ತೆಗೆ ಡೆಂಗಿ ಆಗಿ ಸೇರಿಸಿದಾಗ ನಮ್ಮ ಮೈದುನ ‘ಶುಗರ್ ಇದೆ ಸಾರ್, ಹತ್ತು ವರ್ಷ ಆಯ್ತು’ ಅಂತ ಬಾಯಿಗೆ ಬಂದ ಲೆಕ್ಕ ಹೇಳಿದ್ದ. ನಿಜವಾಗಿ ನಾಲ್ಕು ವರ್ಷ. ಅದೇ ಸಾಲು ಹಿಡಿದು ಕಂಪನಿಯವರು ‘ಮೊದಲೇ ಇದ್ದ ಕಾಯಿಲೆ’ ಅಂತ ಪ್ರಶ್ನೆ ಹಾಕಿದರು. ಹಳೆಯ ಕಾಯಿಲೆಯಿಂದಾಗಿ ಆಸ್ಪತ್ರೆ ಸೇರಿದರೆ ಸಾಮಾನ್ಯವಾಗಿ ಕ್ಲೇಮ್ ಸಿಗುವುದಿಲ್ಲ. ಆದರೆ ಡೆಂಗಿ ಸೊಳ್ಳೆಯಿಂದ ಬರುತ್ತದೆ, ಸಕ್ಕರೆಯಿಂದ ಅಲ್ಲ. ಟ್ರೀಟ್‌ಮೆಂಟ್ ಕೊಟ್ಟ ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಂಡು ಬಂದೆವು, ಈಗಿನ ಅಡ್ಮಿಷನ್ನಿಗೂ ಶುಗರಿಗೂ ಸಂಬಂಧ ಇಲ್ಲ ಅಂತ. ಅಲ್ಲಿಗೆ ಕ್ಲೇಮ್ ಮುಂದೆ ಸರಿಯಿತು. ಸುಳ್ಳು ಹೇಳಿ ಅನ್ನುತ್ತಿಲ್ಲ, ಹೇಳಲೂ ಬೇಡಿ, ಹಳೇ ಮೆಡಿಕಲ್ ಸ್ಟೋರ್ ಬಿಲ್ಲುಗಳಿಂದಲೇ ಹಿಡಿಯುತ್ತಾರೆ. ಗೊತ್ತಿರುವವರು ಒಬ್ಬರೇ ಉತ್ತರ ಹೇಳಲಿ, ಸರಿಯಾದ ಲೆಕ್ಕ ಹೇಳಲಿ, ಅಷ್ಟೇ. ಡಿಸ್ಚಾರ್ಜ್ ಆಗುವ ಮುಂಚೆ ಸಮ್ಮರಿ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಮನೆಗೆ ಬಂದ ಮೇಲೆ ತಿದ್ದಿಸಿದರೆ ಕಂಪನಿಗೆ ಅನುಮಾನ ಬರುತ್ತದೆ.

ಕಾಯಿಲೆ ಬಿದ್ದ ದಿನ ಮಾಡಬೇಕಾದ ಕೆಲಸ

ಹುಷಾರಿಲ್ಲದವರನ್ನು ಸೇರಿಸಿ, ಡಾಕ್ಟರ ಜೊತೆ ಮಾತಾಡಿ, ಮನೆಯವರಿಗೆ ಫೋನ್ ಮಾಡಿ ಮುಗಿದ ಮೇಲೆ, ಅದೇ ದಿನ ಇನ್ಶೂರೆನ್ಸ್ ಕಂಪನಿಗೆ ಒಂದು ಮೇಲ್ ಹಾಕಿ. ಎರಡೇ ಸಾಲು ಸಾಕು, ಪಾಲಿಸಿ ನಂಬರ್, ಯಾರು ಯಾವ ಆಸ್ಪತ್ರೆ ಸೇರಿದ್ದಾರೆ, ಪ್ರಯಾಣದ ತಾರೀಖು. ಫೋನ್ ಮಾಡಿದರೂ ಮೇಲ್ ಇರಲಿ, ಅವರು ಕೊಡುವ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ.

ಆಮೇಲೆ ಕ್ಯಾನ್ಸಲ್ ಮಾಡುವುದನ್ನು ಎಳೆಯಬೇಡಿ. ‘ನೋಡೋಣ, ನಾಡಿದ್ದಿಗೆ ಹುಷಾರಾಗಬಹುದು’ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಟೂರ್ ಕಂಪನಿಗಳ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಒಂದು ತಿಂಗಳ ಮುಂಚೆ ಒಂದು ದರ, ಹದಿನೈದು ದಿನಕ್ಕೆ ಇನ್ನೊಂದು, ಕೊನೇ ವಾರಕ್ಕೆ ಪೂರ್ತಿ ಗುಳುಂ. ನೀವು ತಡ ಮಾಡಿದ್ದರಿಂದ ಜಾಸ್ತಿಯಾದ ಕಡಿತವನ್ನು ಇನ್ಶೂರೆನ್ಸಿನವರು ಕೊಡುವುದಿಲ್ಲ ಅನ್ನಬಹುದು. ಕ್ಯಾನ್ಸಲ್ ಮಾಡದೆ ಸುಮ್ನೆ ವಿಮಾನಕ್ಕೆ ಹೋಗದೆ ಇರುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಏಜೆಂಟು ‘ಕ್ಯಾನ್ಸಲ್ ಯಾಕೆ, ಕ್ರೆಡಿಟ್ ಇಟ್ಕೊಳಿ, ಮುಂದಿನ ವರ್ಷ ಹೋಗಿ’ ಅಂದರೆ ಒಂದು ನಿಮಿಷ ಯೋಚಿಸಿ. ಅದನ್ನು ಒಪ್ಪಿಕೊಂಡರೆ ಅಷ್ಟು ದುಡ್ಡು ನಿಮಗೆ ವಾಪಸ್ ಬಂದ ಹಾಗೆ, ಇನ್ಶೂರೆನ್ಸ್ ಲೆಕ್ಕದಿಂದ ಹೊರಗೆ. ಮುಂದಿನ ವರ್ಷ ಖಂಡಿತ ಹೋಗುತ್ತೀರಾದರೆ ಅದೇ ಸಲೀಸು, ಯಾವ ಕಾಗದವೂ ಬೇಡ. ಎರಡೂ ಕಡೆ ಸಿಗುತ್ತದೆ ಅಂದುಕೊಳ್ಳಬೇಡಿ. ಇನ್ಶೂರೆನ್ಸ್ ಕೊಡುವುದು ನಿಮಗೆ ಎಲ್ಲಿಂದಲೂ ವಾಪಸ್ ಬರದ ದುಡ್ಡನ್ನು ಮಾತ್ರ.

ಹಾಗಾಗಿ ಮೊದಲು ಬರಬೇಕಾದ್ದನ್ನು ವಸೂಲಿ ಮಾಡಿ. ‘ನಾನ್ ರಿಫಂಡಬಲ್’ ಅಂತ ಬರೆದ ಟಿಕೆಟ್ಟಿನಲ್ಲೂ ಸರ್ಕಾರಿ ತೆರಿಗೆ ಮತ್ತು ಏರ್‌ಪೋರ್ಟಿನ ಯೂಸರ್ ಡೆವಲಪ್‌ಮೆಂಟ್ ಫೀ ವಾಪಸ್ ಕೊಡಬೇಕು ಅಂತ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ಕೇಳದಿದ್ದರೆ ಏಜೆಂಟಿನ ಹತ್ತಿರವೇ ಉಳಿದುಬಿಡುತ್ತದೆ. ವಿದೇಶದ ಪ್ಯಾಕೇಜ್ ಕೊಂಡಾಗ ಟಿಸಿಎಸ್ ಅಂತ ಮುಂಗಡ ಆದಾಯ ತೆರಿಗೆ ಕಟ್ಟಿಸಿಕೊಂಡಿರುತ್ತಾರಲ್ಲ, ಅದು ನಿಮ್ಮ ಪಾನ್ ಹೆಸರಿಗೆ ಜಮಾ ಆಗಿದ್ದರೆ ರಿಟರ್ನ್ ಹಾಕುವಾಗ ಕೇಳಿಕೊಳ್ಳಬಹುದು. ವೀಸಾ ಫೀ ಮಾತ್ರ ಹೋಯಿತು ಅಂತಲೇ ಲೆಕ್ಕ.

ಕಾಗದ, ಕಾಗದ, ಕಾಗದ

ಅತ್ತೆಯ ಸಲ ನಾವು ಹೊರಟಿದ್ದು ವಿಯೆಟ್ನಾಂಗೆ, ಇಬ್ಬರೇ. 1 ಲಕ್ಷ 52 ಸಾವಿರ ಕಟ್ಟಿದ್ದೆವು. ಏಜೆಂಟು ಮತ್ತು ವಿಮಾನದವರಿಂದ 38 ಸಾವಿರ ವಾಪಸ್ ಬಂತು. ಉಳಿದ 1 ಲಕ್ಷ 14 ಸಾವಿರಕ್ಕೆ ಕ್ಲೇಮ್ ಹಾಕಿದೆವು. ತಲೆಗೆ 500 ಡಾಲರ್ ಮಿತಿ, 50 ಡಾಲರ್ ಡಿಡಕ್ಟಿಬಲ್, ಎಲ್ಲ ಕಳೆದು ಕೈಗೆ ಬಂದದ್ದು 76 ಸಾವಿರದ ಹತ್ತಿರ. ಇದಕ್ಕೆ ಎರಡು ತಿಂಗಳು ಬೇಕಾಯಿತು, ಅದರಲ್ಲಿ ಒಂದು ತಿಂಗಳು ಪೂರ್ತಿ ಸಂಬಂಧ ಸಾಬೀತು ಮಾಡುವುದರಲ್ಲೇ ಹೋಯಿತು.

ಯಜಮಾನರಿಗೆ ಸುಲಭ, ಅವರ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ತಾಯಿಯ ಹೆಸರು ಇದೆ. ನಾನು ಸೊಸೆ ಅನ್ನುವುದಕ್ಕೆ ಏನು ಸಾಕ್ಷಿ? ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ, ಫೋಟೋ ಆಲ್ಬಂ ಎಲ್ಲ ಇದೆ, ಮದುವೆ ರಿಜಿಸ್ಟರ್ ಮಾಡಿಸಿರಲಿಲ್ಲ. ಕೊನೆಗೆ ನನ್ನ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು, ಗಂಡನ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು, ಎರಡನ್ನೂ ಜೋಡಿಸಿ, ರೇಷನ್ ಕಾರ್ಡ್ ಲಗತ್ತಿಸಿ ಕಳಿಸಿದೆವು. ಅಣ್ಣ ತಮ್ಮ ಅಕ್ಕ ತಂಗಿಯರಿಗೆ ಹುಷಾರಿಲ್ಲದಿದ್ದರೆ ಇಬ್ಬರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಉಪಯೋಗಕ್ಕೆ ಬರುತ್ತದೆ, ಅದರಲ್ಲಿ ತಂದೆ ತಾಯಿಯ ಹೆಸರು ಇರುತ್ತದೆ. ಹೆಸರಿನ ಗೋಳು ಬೇರೆ. ಆಧಾರ್‌ನಲ್ಲಿ ಸಿದ್ಧಗಂಗಮ್ಮ, ಆಸ್ಪತ್ರೆ ಚೀಟಿಯಲ್ಲಿ ಗಂಗಮ್ಮ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೂ ಸೇರಿ ಇನ್ನೇನೋ. ಅಡ್ಮಿಷನ್ ಕೌಂಟರಿನಲ್ಲಿ ಆಧಾರ್ ಕೊಟ್ಟು ಅದರಲ್ಲಿ ಇರುವ ಹಾಗೇ ಬರೆಸಿ. ಮನೆಯಲ್ಲಿ ಕರೆಯುವ ಹೆಸರು ಹೇಳಬೇಡಿ.

ಉಳಿದವು ಗೊತ್ತಿರುವವೇ. ಬುಕಿಂಗ್ ಇನ್‌ವಾಯ್ಸ್, ದುಡ್ಡು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಕ್ಯಾನ್ಸಲ್ ಮಾಡಿದ ಮೇಲೆ ಎಷ್ಟು ಕಡಿತ ಎಷ್ಟು ವಾಪಸ್ ಅಂತ ಬರೆದ ಪತ್ರ. ಅರ್ಧ ದುಡ್ಡು ನಗದು ಕೊಟ್ಟು ರಸೀದಿ ಇಸಿದುಕೊಳ್ಳದಿದ್ದರೆ ಆ ಅರ್ಧ ಮರೆತುಬಿಡಿ. ಡಾಕ್ಟರ ಸರ್ಟಿಫಿಕೇಟಿನಲ್ಲಿ ‘ರೋಗಿಗೆ ಚಿಕಿತ್ಸೆ ನೀಡಲಾಗಿದೆ’ ಅಂತ ಇದ್ದರೆ ಸಾಲದು. ಯಾವ ದಿನ ಸೇರಿದರು, ಏನು ಕಾಯಿಲೆ, ಯಾವತ್ತು ಶುರುವಾಯಿತು, ಆ ತಾರೀಖಿನಲ್ಲಿ ಸ್ಥಿತಿ ಎಷ್ಟು ಗಂಭೀರವಾಗಿತ್ತು, ಇಷ್ಟೂ ಇರಬೇಕು. ಕೆಳಗೆ ಸೀಲು, ಸಹಿ, ಡಾಕ್ಟರ ರಿಜಿಸ್ಟ್ರೇಷನ್ ನಂಬರ್. ಡಿಸ್ಚಾರ್ಜ್ ದಿನವೇ ಇಸಿದುಕೊಳ್ಳಿ. ತಿಂಗಳು ಬಿಟ್ಟು ಹೋದರೆ ಆ ಡ್ಯೂಟಿ ಡಾಕ್ಟರು ಪಿಜಿ ಸೀಟು ಸಿಕ್ಕಿ ಬೇರೆ ಊರಿಗೆ ಹೋಗಿರುತ್ತಾರೆ.

ಕಾಶಿಗೆ, ಕಾಶ್ಮೀರಕ್ಕೆ ಹೋಗುವವರಿಗೆ

ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ಪೈಸೆಗಳ ಲೆಕ್ಕದಲ್ಲಿ ಇನ್ಶೂರೆನ್ಸ್ ಟಿಕ್ ಮಾಡುತ್ತೀರಲ್ಲ, ಅದು ರೈಲು ಅಪಘಾತಕ್ಕೆ. ಸಾವಿಗೆ 10 ಲಕ್ಷ, ಗಾಯವಾಗಿ ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ. ಅಮ್ಮನಿಗೆ ಹುಷಾರಿಲ್ಲ ಅಂತ ನೀವು ಹೋಗದಿದ್ದರೆ ಅದರಿಂದ ಏನೂ ಬರುವುದಿಲ್ಲ. ತತ್ಕಾಲ್‌ನ ಕನ್ಫರ್ಮ್ ಟಿಕೆಟ್ ಕ್ಯಾನ್ಸಲ್ ಮಾಡಿದರೂ ದುಡ್ಡಿಲ್ಲ.

ಆದರೆ ರೈಲಿನಲ್ಲಿ ಒಂದು ಒಳ್ಳೆಯ ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕನ್ಫರ್ಮ್ ಟಿಕೆಟ್ಟನ್ನು ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಗ, ಮಗಳು, ಗಂಡ, ಹೆಂಡತಿ ಇವರಲ್ಲಿ ಒಬ್ಬರ ಹೆಸರಿಗೆ ಬದಲಾಯಿಸಬಹುದು. ರೈಲು ಹೊರಡುವುದಕ್ಕೆ 24 ಗಂಟೆ ಮುಂಚೆ ರಿಸರ್ವೇಷನ್ ಕೌಂಟರಿಗೆ ಟಿಕೆಟ್ ಪ್ರಿಂಟ್, ಗುರುತಿನ ಚೀಟಿ, ಸಂಬಂಧದ ದಾಖಲೆ ತೆಗೆದುಕೊಂಡು ಹೋಗಬೇಕು. ಒಂದೇ ಸಲ ಮಾತ್ರ. ಅಮ್ಮನನ್ನು ನೋಡಿಕೊಳ್ಳಲು ನೀವು ಉಳಿದು ತಂಗಿಯನ್ನು ಕಾಶಿಗೆ ಕಳಿಸಬಹುದು. ದೊಡ್ಡಮ್ಮ ಇಲ್ಲಿಯೂ ಇಲ್ಲ, ನೋಡಿ.

ಮನೆಯಲ್ಲಿ ಈಗಾಗಲೇ ಹುಷಾರಿಲ್ಲದವರು ಇದ್ದರೆ

ಡಯಾಲಿಸಿಸ್‌ನಲ್ಲಿರುವ ಮಾವ, ಎರಡು ಸಲ ಸ್ಟೆಂಟ್ ಹಾಕಿಸಿಕೊಂಡ ಅಪ್ಪ, ಹೀಗಿರುವ ಮನೆಗೆ ಕ್ಯಾನ್ಸಲೇಷನ್ ಇನ್ಶೂರೆನ್ಸಿನಿಂದ ಸಹಾಯ ತೀರಾ ಕಡಿಮೆ. ಪ್ರೀಮಿಯಂ ಕಟ್ಟಬೇಡಿ ಅನ್ನುವುದಿಲ್ಲ, ನಿಮಗೇ ಏನಾದರೂ ಆದರೆ ಅದು ಬೇಕೇ ಬೇಕು. ಆದರೆ ಅಪ್ಪನ ಹಳೇ ಹೃದಯಕ್ಕೆ ಆ ಪಾಲಿಸಿಯನ್ನು ನಂಬಬೇಡಿ. ಅದರ ಬದಲು ಬುಕಿಂಗ್ ಮಾಡುವ ರೀತಿ ಬದಲಾಯಿಸಿ. ಹೋಟೆಲನ್ನು ಹಿಂದಿನ ದಿನದವರೆಗೆ ಬಿಡಬಹುದಾದ ದರದಲ್ಲಿ, ಅಲ್ಲೇ ಹೋಗಿ ದುಡ್ಡು ಕೊಡುವ ಹಾಗೆ ಮಾಡಿ. ವಿಮಾನಕ್ಕೆ ಎರಡು ಮೂರು ಸಾವಿರ ಜಾಸ್ತಿ ಕೊಟ್ಟು ತಾರೀಖು ಬದಲಿಸಬಹುದಾದ ಟಿಕೆಟ್ ತೆಗೆದುಕೊಳ್ಳಿ. ಗ್ರೂಪ್ ಟೂರ್ ಆದರೆ ದುಡ್ಡನ್ನು ಕಂತಿನಲ್ಲಿ, ಅವರು ಬಿಡುವಷ್ಟು ತಡವಾಗಿ ಕಟ್ಟಿ. ನಾನೀಗ ಯಾವ ಟೂರಿಗೂ ಹೀಗೇ ಮಾಡುತ್ತೇನೆ, ಪಾಲಿಸಿ ಅದರ ಮೇಲೆ.

ನೀವು ಅಲ್ಲಿ ಹೋದ ಮೇಲೆ ಇಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಬೇರೆ ಕವರ್, ‘ಟ್ರಿಪ್ ಇಂಟರಪ್ಷನ್’ ಅಥವಾ ‘ಕರ್ಟೈಲ್‌ಮೆಂಟ್’. ಬಳಸದೆ ಉಳಿದ ಹೋಟೆಲ್ ದುಡ್ಡು, ಬೇಗ ವಾಪಸ್ ಬರುವ ಟಿಕೆಟ್ ಖರ್ಚು ಇದರಲ್ಲಿ ಬರುತ್ತದೆ. ಹೊಸ ಟಿಕೆಟ್ ಮಾಡುವ ಮುಂಚೆ ಪಾಲಿಸಿಯಲ್ಲಿರುವ ಅಸಿಸ್ಟೆನ್ಸ್ ನಂಬರಿಗೆ ಫೋನ್ ಮಾಡಬೇಕು. ಆ ನಂಬರ್ ನಿಮ್ಮ ಫೋನಿನಲ್ಲಿ ಇರಲಿ, ಮನೆಯಲ್ಲಿ ಉಳಿಯುವವರ ಹತ್ತಿರವೂ ಇರಲಿ.

ಇಲ್ಲ ಅಂದುಬಿಟ್ಟರೆ

ಯಾವ ಷರತ್ತಿನ ಕೆಳಗೆ ತಿರಸ್ಕರಿಸಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ. ಆ ಷರತ್ತು ಓದಿ. ನನ್ನ ದೊಡ್ಡಮ್ಮನ ಹಾಗೆ ಸ್ಪಷ್ಟವಾಗಿ ಹೊರಗಿದ್ದರೆ ಜಗಳ ಬಿಡಿ, ನಾನೂ ಬಿಟ್ಟೆ. ಅನುಮಾನ ಇದ್ದರೆ ಕಂಪನಿಯ ಗ್ರೀವೆನ್ಸ್ ಅಧಿಕಾರಿಗೆ ಬರೆಯಿರಿ. ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ಲಿನಲ್ಲೂ ದೂರು ಹಾಕಬಹುದು, ಫೋನ್ ನಂಬರ್ 155255. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಇಂಥ ದೂರು ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ತಿರ ಹೋಗಿ. ಫೀಸು ಇಲ್ಲ, ವಕೀಲರು ಬೇಡ, ಕಂಪನಿ ಕೊನೆಯದಾಗಿ ಇಲ್ಲ ಅಂದ ಒಂದು ವರ್ಷದ ಒಳಗೆ ಹೋಗಬೇಕು. ಅವರು ಕೊಡುವ ಆದೇಶವನ್ನು ಕಂಪನಿ ಪಾಲಿಸಲೇಬೇಕು. ಅದು ಬೇಡ ಅಂದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಅಲ್ಲಿ ಎರಡು ವರ್ಷದ ಅವಧಿ, 5 ಲಕ್ಷದವರೆಗಿನ ಕೇಸಿಗೆ ಫೀಸಿಲ್ಲ. ಒಂದೇ ವಿಷಯಕ್ಕೆ ಆಯೋಗದಲ್ಲಿ ಕೇಸ್ ಹಾಕಿದ್ದರೆ ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲು ಒಂಬುಡ್ಸ್‌ಮನ್ ಕಡೆ ಹೋಗುವುದು ವಾಸಿ.

ಕರ್ನಾಟಕದ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು. ಖುದ್ದಾಗಿ ಹೋಗುವುದಾದರೆ ಬೆಳಗಿನ ರೈಲಿಗೆ ಯಶವಂತಪುರ, ಅಲ್ಲಿಂದ ಹಸಿರು ಲೈನಿನ ಮೆಟ್ರೋ ಹತ್ತಿ ಬನಶಂಕರಿ, ಆಮೇಲೆ ಆಟೋ. ಕಾಗದಗಳ ಎರಡು ಸೆಟ್ ಜೆರಾಕ್ಸ್ ತುಮಕೂರಿನಲ್ಲೇ ಮಾಡಿಸಿಕೊಂಡು ಹೊರಡಿ.